ಸವೆಯದ ನಾಣ್ಯ



ನಮ್ಮ ಮನೆಯ ದೇವರ ಪೆಟ್ಟಿಗೆಯ ಮೂಲೆಯಲ್ಲಿ, ಕುಂಕುಮದ ಭರಣಿಗೂ ಹಳೆಯ ಕೈಗಂಟೆಗೂ ನಡುವೆ, ಒಂದು ಕಾಸು ಬಿದ್ದುಕೊಂಡಿದೆ. ಎರಡನೆಯ ಮಹಾಯುದ್ಧದ ದಿನಗಳಲ್ಲಿ, ಲೋಹವು ತುಟ್ಟಿಯಾಗಿದ್ದಾಗ, ನಡುವೆ ಅಗಲವಾದ ತೂತನ್ನು ಬಿಟ್ಟು ಟಂಕಸಾಲೆಯವರು ಅಚ್ಚೊತ್ತಿದ ಕಾಸು ಅದು. ಅದರ ಮೇಲಿದ್ದ ಕಿರೀಟವಾಗಲಿ ವರ್ಷದ ಅಂಕಿಗಳಾಗಲಿ ಈಗ ಕಣ್ಣಿಗೆ ಕಾಣಿಸವು. ಬೆರಳಿನ ತುದಿಯಿಂದ ತಡವಿದರೆ ಮಾತ್ರ ಅಲ್ಲೇನೋ ಇದ್ದಿತೆಂಬ ಒಂದು ಶಂಕೆ ಹುಟ್ಟುತ್ತದೆ. ಬಾಲ್ಯದಲ್ಲಿ ನಾನು ಅದನ್ನು ಕೈಯಲ್ಲಿ ಹಿಡಿದು, ಇದೇಕೆ ಹೀಗೆ ಸವೆದಿದೆಯೆಂದು ಕೇಳಿದಾಗ, ನಮ್ಮ ಅಜ್ಜಿ, "ಎಷ್ಟು ಕೈ ದಾಟಿ ಬಂದಿದೆಯೋ ಯಾರು ಕಂಡವರು ಮಗೂ! ನಾಣ್ಯ ಅಂದಮೇಲೆ ಸವೀಬೇಕು" ಎಂದಿದ್ದರು.

ಅಜ್ಜಿಯ ಆ ಮಾತು ನನಗೆ ಮತ್ತೆ ನೆನಪಾದುದು ಸವೆಯಲು ಮೈಯೇ ಇಲ್ಲದ ಒಂದು ಹೊಸ ಬಗೆಯ ನಾಣ್ಯದ ಪ್ರಸ್ತಾಪ ಬಂದಾಗ. ಕ್ರಿಪ್ಟೋಕರೆನ್ಸಿಯೆಂಬ ಸಾಮಾನ್ಯ ನಾಮದಿಂದಲೂ, ಬಿಟ್‌ಕಾಯಿನ್ ಎಂಬ ಅಗ್ರಜನ ಹೆಸರಿನಿಂದಲೂ ಪ್ರಸಿದ್ಧವಾಗಿರುವ ಈ ನಾಣ್ಯದ ಬೆಲೆ ಏರುವಾಗ ಜನ ಏನೆನ್ನುತ್ತಾರೆಂಬುದನ್ನು ಎಲ್ಲರೂ ಬಲ್ಲರು. ಬೆಲೆ ಬಿದ್ದಾಗ, ಅದನ್ನು ಕೊಂಡಿಟ್ಟವರು ಅದರ ಮೌಲ್ಯವನ್ನು ಕುರಿತು, ಲೋಕದಲ್ಲಿ ಅದರ ಬಳಕೆಯನ್ನು ಕುರಿತು, ಏನನ್ನು ಹೇಳಿಕೊಂಡು ಸಮಾಧಾನಪಡುತ್ತಾರೆ ಎಂಬುದೇ ಈ ಹೊತ್ತಿನ ನನ್ನ ವಿಷಯ. ಸಂಪತ್ತಿನಲ್ಲಿ ಮನುಷ್ಯನು ಆಡುವ ಮಾತಿಗಿಂತ ಆಪತ್ತಿನಲ್ಲಿ ಆಡುವ ಮಾತಿನಲ್ಲಿ ಅವನ ನಂಬಿಕೆಯ ಮೂಲಸ್ವರೂಪವು ಹೆಚ್ಚಾಗಿ ಬಯಲಾಗುತ್ತದೆಯಲ್ಲವೆ?

ಮೊದಲು ವಸ್ತುವಿನ ಪರಿಚಯ. 2008ರ ಅಕ್ಟೋಬರ್ 31ರಂದು, ಪಾಶ್ಚಾತ್ಯ ದೇಶಗಳ ದೊಡ್ಡ ದೊಡ್ಡ ಬ್ಯಾಂಕುಗಳು ಒಂದರ ಹಿಂದೊಂದು ತತ್ತರಿಸುತ್ತಿದ್ದ ಕಾಲದಲ್ಲಿ, ಸತೋಶಿ ನಕಮೋಟೋ ಎಂಬ ಹೆಸರಿನ ಮರೆಯಲ್ಲಿ ನಿಂತು ಇಂದಿನವರೆಗೂ ಮುಖ ತೋರಿಸದಿರುವ ಯಾರೋ ಒಬ್ಬರು, ಅಥವಾ ಕೆಲವರು, ಒಂಬತ್ತು ಪುಟಗಳ ಒಂದು ಪ್ರಬಂಧವನ್ನು ಅಂತರಜಾಲದಲ್ಲಿ ಪ್ರಕಟಿಸಿದರು. ಬ್ಯಾಂಕಿನ ಮಧ್ಯಸ್ಥಿಕೆಯಿಲ್ಲದೆ ಒಬ್ಬನು ಮತ್ತೊಬ್ಬನಿಗೆ ನೇರವಾಗಿ ಹಣ ಸಲ್ಲಿಸುವ ಮಾರ್ಗವನ್ನು ಅದು ನಿರೂಪಿಸಿತು. ಆ ಪ್ರಬಂಧದ ಶೀರ್ಷಿಕೆಯಲ್ಲಿಯೇ ಕರ್ತೃವು ತನ್ನ ಸೃಷ್ಟಿಗೆ 'ನಗದು' ಎಂಬ ಹೆಸರನ್ನಿಟ್ಟಿದ್ದಾನೆಂಬುದನ್ನು ಶ್ರೋತೃಗಳು ದಯವಿಟ್ಟು ನೆನಪಿನಲ್ಲಿಡಬೇಕು. 2009ರ ಜನವರಿ 3ರಂದು ಹುಟ್ಟಿದ ಮೊದಲ ಕಂತಿನ ಲೆಕ್ಕದೊಳಗೆ, ಬ್ರಿಟನ್ನಿನ ಬ್ಯಾಂಕುಗಳನ್ನು ಎರಡನೆಯ ಸಲ ಪಾರುಮಾಡಲು ಅಲ್ಲಿನ ಅರ್ಥಮಂತ್ರಿ ಸಿದ್ಧರಾಗುತ್ತಿರುವರೆಂಬ ಅಂದಿನ 'ಟೈಮ್ಸ್' ಪತ್ರಿಕೆಯ ತಲೆಬರೆಹವು ಕೆತ್ತಿಟ್ಟಂತೆ ಸೇರಿಹೋಗಿದೆ. ಬ್ಯಾಂಕುಗಳ ಮೇಲಣ ಮುನಿಸು ಈ ನಾಣ್ಯದ ಜಾತಕದಲ್ಲಿಯೇ ಇದೆಯೆನ್ನಬಹುದು.

ಇದರ ಒಳಗುಟ್ಟು ಬಹುಮಟ್ಟಿಗೆ ನಮ್ಮ ಹಿಂದಿನ ಸಾಹುಕಾರರ ಕೀರ್ದಿ ಪುಸ್ತಕದ್ದೇ. ಒಬ್ಬ ಗುಮಾಸ್ತನು ಒಂದು ಮಂಡಿಯಲ್ಲಿ ಕುಳಿತು ಬರೆಯುತ್ತಿದ್ದ ಕೀರ್ದಿಯನ್ನು, ಜಗತ್ತಿನ ಸಾವಿರಾರು ಗಣಕಯಂತ್ರಗಳು ಏಕಕಾಲದಲ್ಲಿ ಬರೆದುಕೊಳ್ಳುತ್ತ, ಒಂದರ ಪ್ರತಿಯನ್ನು ಮತ್ತೊಂದರ ಪ್ರತಿಯೊಡನೆ ತಾಳೆನೋಡುತ್ತ ಇದ್ದರೆ ಹೇಗೋ ಹಾಗೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಆ ಕೀರ್ದಿಗೆ ಹೊಸದೊಂದು ಪುಟ ಸೇರುತ್ತದೆ. ಪುಟವನ್ನು ಸೇರಿಸುವ ಶ್ರಮಕ್ಕೆ ಕೂಲಿಯಾಗಿ ಹೊಸ ನಾಣ್ಯಗಳು ಹುಟ್ಟುತ್ತವೆ. ಮೊದಲಲ್ಲಿ 50 ಇದ್ದ ಆ ಕೂಲಿ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತ 2024ರ ಏಪ್ರಿಲಿನಲ್ಲಿ 3.125ಕ್ಕೆ ಬಂದಿದೆ. ಒಟ್ಟು ನಾಣ್ಯಗಳು ಎಂದೆಂದಿಗೂ 2 ಕೋಟಿ 10 ಲಕ್ಷವನ್ನು ಮೀರಕೂಡದೆಂಬುದು ಕಟ್ಟಳೆ. ಸರಕಾರಗಳು ಮನಬಂದಂತೆ ನೋಟು ಮುದ್ರಿಸಿ ಜನರ ಉಳಿತಾಯವನ್ನು ಕರಗಿಸುತ್ತವೆಂದು ನೊಂದವರಿಗೆ ಈ ಕಟ್ಟಳೆಯು ವೇದವಾಕ್ಯದಂತೆ ತೋರಿತು.

ಆದರೆ ಸಂಖ್ಯೆಗೆ ಹಾಕಿದ ಕಡಿವಾಣವು ಬೆಲೆಗೆ ಬೀಳಲಿಲ್ಲ. 2013ರ ಕೊನೆಯಲ್ಲಿ ಸಾವಿರ ಡಾಲರನ್ನು ದಾಟಿದ ಬಿಟ್‌ಕಾಯಿನ್, ಮರುವರ್ಷದ ಆರಂಭದಲ್ಲಿ ಟೋಕಿಯೋ ನಗರದ ಮೌಂಟ್ ಗಾಕ್ಸ್ ಎಂಬ ವಿನಿಮಯ ಕೇಂದ್ರವು ದಿವಾಳಿಯೆದ್ದ ಬಳಿಕ ಇಳಿಯುತ್ತ ಇಳಿಯುತ್ತ, 2015ರ ಜನವರಿಯಲ್ಲಿ ಇನ್ನೂರು ಡಾಲರಿನ ಆಸುಪಾಸಿಗೆ ಬಂದು ನಿಂತಿತು. 2017ರ ಡಿಸೆಂಬರಿನಲ್ಲಿ ಇಪ್ಪತ್ತು ಸಾವಿರದ ಹೊಸ್ತಿಲನ್ನು ಮುಟ್ಟಿ, ಒಂದೇ ವರ್ಷದಲ್ಲಿ ಮೂರು ಸಾವಿರದ ಚಿಲ್ಲರೆಗೆ ಬಿದ್ದಿತು. 2021ರ ನವೆಂಬರಿನಲ್ಲಿ ಸುಮಾರು 69,000 ಡಾಲರಿನ ಶಿಖರವನ್ನು ಏರಿ, ಮರುವರ್ಷ ಅದೇ ನವೆಂಬರಿನಲ್ಲಿ ಹದಿನಾರು ಸಾವಿರಕ್ಕೂ ಕೆಳಗೆ ಜಾರಿತು. ಹತ್ತು ವರ್ಷದೊಳಗೆ ಮೂರು ಸಲ, ಹೆಚ್ಚುಕಡಮೆ ಐದರಲ್ಲಿ ನಾಲ್ಕು ಪಾಲನ್ನು ಕಳೆದುಕೊಂಡ ವಸ್ತುವಿದು.

ಈ ಮೂರರಲ್ಲಿ 2022ರ ಕುಸಿತವು ವಿಶೇಷ ಬೋಧಪ್ರದವಾದುದು. ಆ ವರ್ಷದ ಮೇ ತಿಂಗಳಿನಲ್ಲಿ ಟೆರಾ ಎಂಬ ನಾಣ್ಯವ್ಯವಸ್ಥೆಯು ನೆಲಕಚ್ಚಿತು. ಡಾಲರಿಗೆ ಸರಿಸಮವಾಗಿ ಸ್ಥಿರವಾಗಿರುವುದೆಂದು ಹೇಳಿಕೊಂಡ ಅದರ ನಾಣ್ಯವನ್ನು ಠೇವಣಿಯಿಟ್ಟವರಿಗೆ ನೂರಕ್ಕೆ ಇಪ್ಪತ್ತರ ಸಮೀಪದ ಬಡ್ಡಿಯ ಆಶೆ ತೋರಿಸಲಾಗಿತ್ತು. ಬಡ್ಡಿಯ ಆಶೆಗೆ ಹೋದವರು ಅಸಲನ್ನೂ ಕಳೆದುಕೊಂಡರು. ಕೆಲವೇ ದಿನಗಳಲ್ಲಿ ಸುಮಾರು ನಾಲ್ಕು ಸಾವಿರ ಕೋಟಿ ಡಾಲರುಗಳ ಬೆಲೆ ಆವಿಯಾಯಿತು. ನವೆಂಬರ್ 11ರಂದು ಬಹಾಮಾಸ್ ದ್ವೀಪಗಳಲ್ಲಿ ನೆಲಸಿದ್ದ ಎಫ್‌ಟಿಎಕ್ಸ್ ಎಂಬ ದೊಡ್ಡ ವಿನಿಮಯ ಕೇಂದ್ರವು ದಿವಾಳಿಯ ಅರ್ಜಿ ಹಾಕಿತು. ಗಿರಾಕಿಗಳು ನಂಬಿ ಇರಿಸಿದ್ದ ಹಣದಲ್ಲಿ ಕೋಟ್ಯಂತರ ಡಾಲರುಗಳು ಬೇರೆಡೆಗೆ ಹರಿದುಹೋಗಿದ್ದವೆಂದು ತಿಳಿದುಬಂದು, ಅದರ ಒಡೆಯನಾದ ಸ್ಯಾಮ್ ಬ್ಯಾಂಕ್‌ಮನ್ ಫ್ರೀಡ್‌ನಿಗೆ 2024ರ ಮಾರ್ಚಿನಲ್ಲಿ ಇಪ್ಪತ್ತೈದು ವರ್ಷಗಳ ಸೆರೆಯಾಯಿತು. ಮಧ್ಯಸ್ಥನೇ ಬೇಡವೆಂದು ಸೃಷ್ಟಿಯಾದ ನಾಣ್ಯವನ್ನು ಜನರು ಹೊಸ ಮಧ್ಯಸ್ಥನೊಬ್ಬನ ಕೈಗಿತ್ತು ನಿಶ್ಚಿಂತರಾಗಿದ್ದರೆಂಬುದೇ ಈ ಪ್ರಸಂಗದ ವಿಡಂಬನೆ. ಕೀಲಿಕೈ ನಿನ್ನದಲ್ಲದಿದ್ದರೆ ನಾಣ್ಯವೂ ನಿನ್ನದಲ್ಲವೆಂಬ ಗಾದೆಯೊಂದು ಈ ಪೇಟೆಯಲ್ಲಿ ಬಹಳ ಹಿಂದಿನಿಂದಲೇ ಬಳಕೆಯಲ್ಲಿತ್ತು. ಗಾದೆಯ ನೆನಪು ಎಂದಿನಂತೆ ಊಟವಾದ ಮೇಲೆ ಬಂದಿತು.

ಇಂಥ ಕುಸಿತದ ಕಾಲದಲ್ಲಿ ಹೂಡಿಕೆದಾರರ ಮನೋಧರ್ಮವು ಹೇಗಿರುತ್ತದೆ? ಕಾಲ್ತೆಗೆದು ಓಡಿದವರ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ನೆರೆಯವನು ಕೊಂಡನೆಂದು ಕೊಂಡವರು, ನೆರೆಯವನು ಮಾರಿದನೆಂದು ಮಾರಿದರು. ಕುತೂಹಲಕರವಾದುದು ಉಳಿದುಕೊಂಡವರ ಮನಸ್ಸು. 2013ರ ಡಿಸೆಂಬರಿನಲ್ಲಿ ಬೆಲೆ ದಡದಡನೆ ಬೀಳುತ್ತಿದ್ದ ಒಂದು ದಿನ, ಕೊಂಚ ಮದ್ಯಸೇವನೆಯಾಗಿದ್ದವನೊಬ್ಬನು, ನಾನು ಬಿಡದೆ ಹಿಡಿದುಕೊಂಡಿದ್ದೇನೆಂದು ಇಂಗ್ಲಿಷಿನಲ್ಲಿ ಸಾರಹೊರಟು, 'ಹೋಲ್ಡಿಂಗ್' ಎಂಬ ಮಾತಿನ ಅಕ್ಷರಗಳನ್ನು ಹಿಂದುಮುಂದಾಗಿಸಿ 'ಹಾಡ್ಲಿಂಗ್' ಎಂದು ಬರೆದುಬಿಟ್ಟನು. ಆ ಕೈತಪ್ಪೇ ಈ ಪಂಥದವರಿಗೆ ಮೂಲಮಂತ್ರವಾಯಿತು. ಹಾಡ್ಲುವವನು ಧೀರ, ಮಾರಿದವನು ಹೇಡಿ, ಖರ್ಚುಮಾಡಿದವನು ಮೂಢ. ಈ ಮೂರನೆಯ ಮಾತನ್ನು ಬಾಯಿಬಿಟ್ಟು ಹೇಳುವವರು ಕಡಮೆ. ನನ್ನ ಪಾಲಿಗೆ ಅದು ಕಣ್ಣಿಗೆ ಕಟ್ಟಿದಂತೆ ಸ್ಪಷ್ಟವಾದುದು ಬೆಂಗಳೂರಿನ ಒಂದು ರಸ್ತೆಯ ಮಗ್ಗುಲಲ್ಲಿ.

ನನ್ನ ತಂಗಿಯ ಮಗನು ಅಲ್ಲಿನ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಉದ್ಯೋಗಸ್ಥನು. 2021ರಲ್ಲಿ ವಿಶ್ವಕಪ್ ಕ್ರಿಕೆಟ್ಟಿನ ಪ್ರಸಾರದ ಎಡೆಯೆಡೆಯಲ್ಲಿ ಕ್ರಿಪ್ಟೋ ಪೇಟೆಯ ಜಾಹೀರಾತುಗಳು ಸುರಿಮಳೆಯಾಗಿ ಸುರಿದವಷ್ಟೆ. ಆ ಮಳೆಯಲ್ಲಿ ನೆನೆದವರಲ್ಲಿ ಅವನೂ ಒಬ್ಬ. ಆ ವರ್ಷದ ದೀಪಾವಳಿಗೆ ಊರಿಗೆ ಬಂದಾಗ, ಹೋಳಿಗೆಯ ಎಲೆಯ ಮುಂದೆ ಕುಳಿತೂ ಮೊಬೈಲನ್ನು ಕೆಳಗಿಡದೆ, ಏರುವ ಹಸುರು ಗೆರೆಯನ್ನು ಬಂಧುಗಳಿಗೆಲ್ಲ ತೋರಿಸಿದ್ದನು. ಒಂದು ವರ್ಷದ ಬಳಿಕ ನಾನು ಬೆಂಗಳೂರಿಗೆ ಹೋದಾಗ ಆ ಪ್ರಸ್ತಾಪವನ್ನು ಅವನಾಗಿ ಎತ್ತಲಿಲ್ಲ. ಎಳನೀರಿನ ಗಾಡಿಯೊಂದರ ಮುಂದೆ ನಿಂತಿದ್ದಾಗ ನಾನೇ ಮೆಲ್ಲನೆ, "ನಿನ್ನ ನಾಣ್ಯಗಳ ಯೋಗಕ್ಷೇಮ ಹೇಗಪ್ಪ? ಬಹಳ ನಷ್ಟವಾಯಿತೆ?" ಎಂದು ವಿಚಾರಿಸಿದೆ.

"ಮಾರಿದರೆ ತಾನೆ ಮಾವ ನಷ್ಟ? ನಾನು ಮಾರಿಯೇ ಇಲ್ಲವಲ್ಲ. ಬೆಲೆ ಬಿದ್ದಿದೆ, ನಿಜ. ಅದರ ಮೌಲ್ಯ ಎಲ್ಲಿ ಹೋಯಿತು? ನೋಡ್ತಾ ಇರಿ, ಇನ್ನು ಹತ್ತು ವರ್ಷಕ್ಕೆ ಜಗತ್ತೆಲ್ಲ ಇದನ್ನೇ ಬಳಸುತ್ತೆ."

"ಸಂತೋಷ. ಇದುವರೆಗೆ ನೀನು ಅದರಿಂದ ಏನನ್ನಾದರೂ ಕೊಂಡದ್ದುಂಟೆ?"

ಅವನು ನನ್ನನ್ನು ಕನಿಕರದಿಂದ ನೋಡಿ ನಕ್ಕನು. "ಏನ್ಮಾವ ನೀವು, ಅದನ್ನ ಯಾರಾದರೂ ಖರ್ಚು ಮಾಡ್ತಾರಾ?" ಎನ್ನುತ್ತ, ಗಾಡಿಯ ಕಂಬಕ್ಕೆ ತಂತಿಯಿಂದ ಬಿಗಿದಿದ್ದ ಚೌಕುಳಿ ಚಿತ್ರದತ್ತ ಮೊಬೈಲನ್ನು ಹಿಡಿದು ಎರಡು ಎಳನೀರಿನ ರೂಪಾಯಿಗಳನ್ನು ಸಲ್ಲಿಸಿದನು. ಎಳನೀರಿನವನ ಪೆಟ್ಟಿಗೆಯೊಳಗಿಂದ ಹಣ ಬಂದಿತೆಂಬ ಧ್ವನಿ ಕನ್ನಡದಲ್ಲಿಯೇ ಕೇಳಿಬಂದಿತು.

ಆ ಹುಡುಗನ ಮಾತಿನಲ್ಲಿ ಈ ಪಂಥದ ಸಮಸ್ತ ಧರ್ಮಶಾಸ್ತ್ರವೂ ಅಡಗಿದೆ. ಬೆಲೆ ಏರುತ್ತಿದ್ದಾಗ ಬೆಲೆಯೇ ಮೌಲ್ಯಕ್ಕೆ ಪ್ರಮಾಣ. ಬೆಲೆ ಬಿದ್ದೊಡನೆ ಮೌಲ್ಯವು ಬೆಲೆಯನ್ನು ಬಿಟ್ಟು ಬೇರೆ ಮನೆ ಹೂಡುತ್ತದೆ. ಹಾಗೆಂದು ನಾನು ಅವನನ್ನು ಪರಿಹಾಸ್ಯಮಾಡುವವನಲ್ಲ. ಬೆಲೆಗೂ ಮೌಲ್ಯಕ್ಕೂ ಅಂತರವುಂಟೆಂಬುದು ಪ್ರಾಚೀನವಾದ ಸತ್ಯ. ಅಮೆರಿಕದ ವೃದ್ಧ ಹೂಡಿಕೆದಾರರಾದ ವಾರೆನ್ ಬಫೆಟ್ಟರು ಆ ಸತ್ಯವನ್ನೇ ಹಿಡಿದು ವಿರುದ್ಧವಾದ ತೀರ್ಮಾನಕ್ಕೆ ಬಂದರು. 2022ರಲ್ಲಿ ತಮ್ಮ ಕಂಪನಿಯ ವಾರ್ಷಿಕ ಸಭೆಯಲ್ಲಿ ಅವರು, ಲೋಕದ ಬಿಟ್‌ಕಾಯಿನ್‌ಗಳನ್ನೆಲ್ಲ ಇಪ್ಪತ್ತೈದು ಡಾಲರಿಗೆ ಕೊಟ್ಟರೂ ತಮಗೆ ಬೇಡವೆಂದು ಹೇಳಿದರು. ಹೊಲವು ಬೆಳೆ ಕೊಡುತ್ತದೆ, ಮನೆಯು ಬಾಡಿಗೆ ತರುತ್ತದೆ, ಇದು ಏನನ್ನೂ ಹೆರುವುದಿಲ್ಲವೆಂಬುದು ಅವರ ವಾದ. ಇದಕ್ಕೆ ಎದುರುವಾದಿಗಳು, ಚಿನ್ನವು ಏನನ್ನು ಹೆರುತ್ತದೆಂದು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ಚಿನ್ನದ ಬಂಜೆತನವನ್ನು ಮನ್ನಿಸಿರುವುದು ಸಹಸ್ರಾರು ವರ್ಷಗಳ ಪರಿಚಯ, ಮತ್ತು ಮದುವೆಯ ಮನೆಯಲ್ಲಿ ಅದಕ್ಕಿರುವ ಸ್ಥಾನ.

ಇನ್ನು ಬಳಕೆಯ ವಿಚಾರ. 2010ರ ಮೇ 22ರಂದು ಅಮೆರಿಕದ ಫ್ಲಾರಿಡಾ ಸಂಸ್ಥಾನದ ಲಾಸ್ಲೋ ಹಾನ್ಯೆಟ್ಸ್ ಎಂಬ ತಂತ್ರಜ್ಞನು ಹತ್ತು ಸಾವಿರ ಬಿಟ್‌ಕಾಯಿನ್ ಕೊಟ್ಟು ಎರಡು ಪಿಟ್ಸಾಗಳನ್ನು ತರಿಸಿಕೊಂಡನು. ಈ ನಾಣ್ಯದಿಂದ ಅಂಗಡಿಯ ಪದಾರ್ಥವೊಂದು ಕೊಳ್ಳಲ್ಪಟ್ಟ ಮೊದಲ ಪ್ರಸಂಗವೆಂದು ಖ್ಯಾತವಾಗಿರುವ ಆ ದಿನದ ನೆನಪನ್ನು ಪ್ರತಿ ವರ್ಷವೂ ಆಚರಿಸುತ್ತಾರೆ. ಆಚರಿಸುವವರ ತುಟಿಯ ಮೇಲೆ ನಗೆಯಿರುತ್ತದೆ. 2021ರ ಶಿಖರದ ಬೆಲೆಯಲ್ಲಿ ಆ ಎರಡು ಪಿಟ್ಸಾಗಳಿಗೆ ತೆತ್ತದ್ದು 69 ಕೋಟಿ ಡಾಲರು ಎಂದು ಲೆಕ್ಕಹಾಕಿ ನಿಟ್ಟುಸಿರಿಡುತ್ತಾರೆ. ಆದರೆ ಶ್ರೋತೃಗಳೇ, ತುಸು ಯೋಚಿಸಿ. ಸತೋಶಿಯು 'ನಗದು' ಎಂದು ಕರೆದ ವಸ್ತುವನ್ನು ನಗದಾಗಿಯೇ ಬಳಸಿ, ಹಸಿವೆಗೆ ಅನ್ನ ತಂದುಕೊಂಡವನು ಅವನು. ಆ ವ್ಯವಸ್ಥೆಯ ಉದ್ದೇಶವನ್ನು ಅಕ್ಷರಶಃ ನೆರವೇರಿಸಿದವನೇ ಅದರ ಚರಿತ್ರೆಯಲ್ಲಿ ನತದೃಷ್ಟನೆಂದು ಹೆಸರಾಗಬೇಕಾದರೆ, ಆ ಚರಿತ್ರೆಯನ್ನು ಬರೆಯುತ್ತಿರುವವರ ಮನಸ್ಸಿನಲ್ಲಿ ಉದ್ದೇಶವು ಎಂದೋ ಬದಲಾಗಿದೆಯೆಂದಲ್ಲವೆ ಅರ್ಥ?

ವ್ಯಕ್ತಿಯ ಮಾತು ಹಾಗಿರಲಿ, ಒಂದು ದೇಶವೇ ಈ ಪರೀಕ್ಷೆಯನ್ನು ಮಾಡಿನೋಡಿತು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ 2001ರಿಂದ ಡಾಲರನ್ನೇ ತನ್ನ ಹಣವನ್ನಾಗಿ ಮಾಡಿಕೊಂಡಿದ್ದ ಪುಟ್ಟ ರಾಜ್ಯ. ಹೊರನಾಡಿಗೆ ದುಡಿಯಹೋದ ಮಕ್ಕಳು ಕಳುಹಿಸುವ ಹಣವೇ ಅಲ್ಲಿನ ಅನೇಕ ಸಂಸಾರಗಳ ಜೀವನಾಧಾರ. ಅಧ್ಯಕ್ಷ ನಯೀಬ್ ಬುಕೇಲೆಯವರು 2021ರ ಸೆಪ್ಟೆಂಬರ್ 7ರಿಂದ ಬಿಟ್‌ಕಾಯಿನ್ನಿಗೂ ಕಾನೂನಿನ ಚಲಾವಣೆಯನ್ನಿತ್ತು, 'ಚೀವೋ' ಎಂಬ ಮೊಬೈಲು ಚೀಲವನ್ನು ಪಡೆದ ಪ್ರಜೆಗಳಿಗೆ ತಲೆಗೆ ಮೂವತ್ತು ಡಾಲರುಗಳ ಉಡುಗೊರೆಯನ್ನೂ ಕೊಟ್ಟರು. ಜನ ಚೀಲವನ್ನು ತೆರೆದರು, ಉಡುಗೊರೆಯನ್ನು ಖರ್ಚುಮಾಡಿದರು. ಬಹುಮಂದಿ ಆಮೇಲೆ ಚೀಲವನ್ನು ಮರೆತರು. ಪರದೇಶದ ಮಕ್ಕಳು ಕಳುಹಿಸಿದ ಹಣದಲ್ಲಿ ಆ ದಾರಿ ಹಿಡಿದದ್ದು ಅತ್ಯಲ್ಪ ಪಾಲು. ಎರಡೇ ತಿಂಗಳಲ್ಲಿ ಬೆಲೆಯ ಇಳಿಗಾಲ ಮೊದಲಾಯಿತು. ಇಂದು ಹತ್ತು ಡಾಲರಾಗಿದ್ದುದು ನಾಳೆ ಎಂಟಾಗುವ ಹಣದಲ್ಲಿ ಮೀನು ಮಾರುವವಳು ಮೀನು ಕೊಟ್ಟಾಳೆ? 2025ರ ಜನವರಿಯಲ್ಲಿ, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲದ ಷರತ್ತಿಗೆ ಅನುಸಾರವಾಗಿ, ವರ್ತಕರು ಅದನ್ನು ಸ್ವೀಕರಿಸಲೇಬೇಕೆಂಬ ಕಟ್ಟಳೆಯನ್ನು ಅಲ್ಲಿನ ಶಾಸನಸಭೆ ಕೈಬಿಟ್ಟಿತು. ಸರಕಾರ ಮಾತ್ರ ತಾನು ಕೊಂಡು ಬೊಕ್ಕಸಕ್ಕೆ ಸೇರಿಸಿದ್ದನ್ನು ಬಿಟ್ಟುಕೊಡಲಿಲ್ಲ. ಬೆಲೆ ಮತ್ತೆ ಏರಿದಾಗ ಬೊಕ್ಕಸದ ಲೆಕ್ಕದಲ್ಲಿ ಲಾಭವೂ ಕಂಡಿತು. ನಿಧಿಯಾಗಿ ಗೆದ್ದಿತು, ನಾಣ್ಯವಾಗಿ ಸೋತಿತು.

ನಮ್ಮ ದೇಶದಲ್ಲಿ ಕಥೆಯ ಮೋಡಿ ಬೇರೆ. 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಈ ವ್ಯಾಪಾರಿಗಳಿಗೆ ಬ್ಯಾಂಕುಗಳ ಬಾಗಿಲನ್ನು ಮುಚ್ಚಿಸಿತು. 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತೆರೆಯಿಸಿತು. 2022ರ ಏಪ್ರಿಲಿನಿಂದ ಲಾಭದ ಮೇಲೆ ನೂರಕ್ಕೆ ಮೂವತ್ತರ ತೆರಿಗೆಯೂ, ಜುಲೈಯಿಂದ ಮಾರಾಟದ ಮೊಬಲಗಿನಲ್ಲಿ ನೂರಕ್ಕೆ ಒಂದರ ಮುರಿತವೂ ಬಂದವು. ಒಂದು ನಾಣ್ಯದಲ್ಲಾದ ನಷ್ಟವನ್ನು ಮತ್ತೊಂದರ ಲಾಭದಲ್ಲಿ ಕಳೆದುಕೊಳ್ಳುವಂತಿಲ್ಲ. ಲಾಭಕ್ಕೆ ಸರಕಾರವು ಪಾಲುಗಾರ, ನಷ್ಟಕ್ಕೆ ನೀನೊಬ್ಬನೇ. ಕುಸಿತದ ವರ್ಷದಲ್ಲಿಯೇ ಜಾರಿಗೆ ಬಂದ ಈ ತೆರಿಗೆಯನ್ನು ನನ್ನ ಸೋದರಳಿಯನು ಗಾಯದ ಮೇಲಿನ ಬರೆಯೆಂದು ಬಗೆದನು. ಆದರೂ ನಮ್ಮಲ್ಲಿ ಈ ನಾಣ್ಯವು ಚಲಾವಣೆಗೆ ಬಾರದಿರಲು ತೆರಿಗೆಯೊಂದೇ ಕಾರಣವಲ್ಲ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯು ಆ ಎಳನೀರಿನವನ ಗಾಡಿಗೂ ತಲಪಿದೆ. ಕ್ಷಣಮಾತ್ರದಲ್ಲಿ, ಕೂಲಿಯಿಲ್ಲದೆ ಹಣ ಸಲ್ಲುವ ಊರಿನಲ್ಲಿ, ಹಣ ಸಲ್ಲಿಸುವ ಇನ್ನೊಂದು ದಾರಿಗೆ ಹಸಿದವರು ಯಾರು? ನಮ್ಮವರು ಇದನ್ನು ಕೊಳ್ಳುವುದು ಏರುವ ಆಶೆಯಿಂದಲೇ ಹೊರತು ಕೊರತೆಯ ಬಾಧೆಯಿಂದಲ್ಲ.

ಕೊರತೆಯಿರುವ ನಾಡುಗಳೂ ಉಂಟು. ಅರ್ಜೆಂಟೀನದಲ್ಲಿ 2023ರ ಒಂದೇ ವರ್ಷದಲ್ಲಿ ಬೆಲೆಗಳು ಶೇಕಡ ಇನ್ನೂರಕ್ಕೂ ಮಿಕ್ಕಿ ಏರಿದವು. ತಿಂಗಳ ಮೊದಲಲ್ಲಿ ಬಂದ ಸಂಬಳ ತಿಂಗಳ ಕೊನೆಗೆ ಬಾಡಿಹೋಗುವ ಅಂಥ ಕಡೆ, ಡಾಲರಿಗೆ ಕಟ್ಟಿದ ಸ್ಥಿರನಾಣ್ಯಗಳನ್ನು ಜನರು ಮೊಬೈಲಿನಲ್ಲಿ ಕೊಂಡಿಡುತ್ತಾರೆ. ಅವರು ಬೆಲೆ ಏರಲೆಂದು ಹಾರೈಸುವುದಿಲ್ಲ. ಇದ್ದಲ್ಲೇ ಇರಲೆಂದು ಪ್ರಾರ್ಥಿಸುತ್ತಾರೆ. ಏರುವ ನಾಣ್ಯಕ್ಕೆ ಭಕ್ತರು ದೊರೆಯುತ್ತಾರೆ, ನಿಲ್ಲುವ ನಾಣ್ಯಕ್ಕೆ ಬಳಕೆದಾರರು ದೊರೆಯುತ್ತಾರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದೃಷ್ಟಾಂತವನ್ನು ನಾನರಿಯೆ. ಮತ್ತೊಂದು ವರ್ಗದವರನ್ನೂ ಇಲ್ಲಿ ನೆನೆಯಬೇಕು. ಕುಸಿತದ ನಟ್ಟನಡುವೆ, 2022ರ ಸೆಪ್ಟೆಂಬರ್ 15ರಂದು, ಎಥೀರಿಯಂ ಎಂಬ ಎರಡನೆಯ ದೊಡ್ಡ ವ್ಯವಸ್ಥೆಯ ತಂತ್ರಜ್ಞರು ತಮ್ಮ ಕೀರ್ದಿ ಬರೆಯುವ ಪದ್ಧತಿಯನ್ನೇ ಬದಲಾಯಿಸಿ, ಅದು ನುಂಗುತ್ತಿದ್ದ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮಿಗಿಲಾದ ಭಾಗವನ್ನು ಉಳಿಸಿದರು. ಬೆಲೆಪಟ್ಟಿಯತ್ತ ಕಣ್ಣಿಟ್ಟವರಿಗೆ ಕಾಲವು ನಿಂತಿದ್ದಾಗ, ಕೆಲಸದತ್ತ ಕಣ್ಣಿಟ್ಟವರಿಗೆ ಅದು ನಡೆಯುತ್ತಲೇ ಇದ್ದಿತು.

ಕುಸಿತವೇ ಕೊನೆಯ ಮಾತೆಂದು ನಾನು ಹೇಳಿದರೆ ಸತ್ಯಕ್ಕೆ ದ್ರೋಹವಾದೀತು. 2024ರ ಜನವರಿಯಲ್ಲಿ ಬಿಟ್‌ಕಾಯಿನ್ನನ್ನೇ ನೇರವಾಗಿ ಕೊಂಡಿಡುವ ನಿಧಿಗಳಿಗೆ ಅಮೆರಿಕದ ಅಧಿಕಾರಿಗಳು ಅನುಮತಿಯಿತ್ತರು. ಆ ವರ್ಷದ ಡಿಸೆಂಬರಿನಲ್ಲಿ ಬೆಲೆ ಒಂದು ಲಕ್ಷ ಡಾಲರನ್ನು ದಾಟಿತು. ನನ್ನ ಸೋದರಳಿಯನು ಅಂದು ರಾತ್ರಿಯೇ ದೂರವಾಣಿಯಲ್ಲಿ, "ಹೇಳಿರಲಿಲ್ಲವೆ ಮಾವ?" ಎಂದನು. ಹೇಳಿದ್ದನು, ಸುಳ್ಳಲ್ಲ. ಅವನ ಹಣ ಅವನಿಗೆ ಬಂದುದಕ್ಕೆ ನನಗೂ ಸಂತೋಷವೇ. ಆದರೆ ಹತ್ತು ವರ್ಷದಲ್ಲಿ ಜಗತ್ತೆಲ್ಲ ಬಳಸುವುದೆಂದು ಅವನಂದ ಮಾತಿನ ಅರ್ಥ ಆ ನಡುವೆ ಸದ್ದಿಲ್ಲದೆ ಬದಲಾಗಿತ್ತು. ಬ್ಯಾಂಕುಗಳ ಮೇಲೆ ಮುನಿದು ಹುಟ್ಟಿದ ನಾಣ್ಯವನ್ನು ಈಗ ನ್ಯೂಯಾರ್ಕಿನ ಮಹಾ ಸಾಹುಕಾರರೇ ಗಿರಾಕಿಗಳ ಪರವಾಗಿ ಕೊಂಡು ಭದ್ರವಾಗಿ ಇಟ್ಟಿದ್ದಾರೆ. ಈ ಇಡುವಿಕೆಗೇ ಬಳಕೆಯೆಂಬ ಹೆಸರು ಬಂದಿದೆ. ಏರುವುದೆಂದು ನಂಬಿದವನು ಅದನ್ನು ಕೈಬಿಡನು. ಬೀಳುವುದೆಂದು ಅಂಜಿದವನು ಅದನ್ನು ಕೈಯಲ್ಲಿ ಹಿಡಿಯನು. ಹೀಗಿರುವಲ್ಲಿ ಅದು ಕೈಯಿಂದ ಕೈಗೆ ಹರಿಯುವುದೆಂತು? ಆ ನಾಣ್ಯದ ಬಳಕೆಗೆ ಅದರ ಶತ್ರುಗಳ ಅವಿಶ್ವಾಸಕ್ಕಿಂತ ಅದರ ಮಿತ್ರರ ವಿಶ್ವಾಸವೇ ಹೆಚ್ಚಿನ ತಡೆಯಾಗಿದೆಯೆಂದು ನನಗೆ ತೋರುತ್ತದೆ.

ಆದುದರಿಂದ, ಮತ್ತೊಂದು ಕುಸಿತ ಬಂದು, ಮೌಲ್ಯ ಎಲ್ಲಿಗೂ ಹೋಗಿಲ್ಲವೆಂದು ಯಾರಾದರೂ ನಿಮಗೆ ಧೈರ್ಯ ಹೇಳಿದಾಗ, ನೀವು ಬೆಲೆ ಏರುವುದೋ ಇಳಿಯುವುದೋ ಎಂದು ಅವರನ್ನು ಕೇಳಬೇಡಿ. ಇದರ ಬೆಲೆ ಇನ್ನೆಂದಿಗೂ ಒಂದು ಕಾಸೂ ಏರುವುದಿಲ್ಲವೆಂದು ನಿಶ್ಚಯವಾಗಿ ತಿಳಿದರೂ ಇದನ್ನು ಇಟ್ಟುಕೊಳ್ಳುವಿರಾ ಎಂದು ಕೇಳಿ. ಅರ್ಜೆಂಟೀನದ ಗೃಹಿಣಿಯು ತನ್ನ ಸ್ಥಿರನಾಣ್ಯದ ವಿಷಯದಲ್ಲಿ ಹೌದೆನ್ನುತ್ತಾಳೆ. ಎಳನೀರಿನ ಗಾಡಿಯ ಮುಂದೆ ನಿಂತ ನನ್ನ ಸೋದರಳಿಯನು ಏನೆನ್ನುತ್ತಾನೋ ನಾನು ಕೇಳಿಲ್ಲ. ಮುಂದಿನ ದೀಪಾವಳಿಗೆ ಕೇಳಬೇಕೆಂದಿದ್ದೇನೆ.

ನಮ್ಮ ನುಡಿಯಲ್ಲಿ ನಂಬತಕ್ಕ ಮನುಷ್ಯನನ್ನು 'ನಾಣ್ಯಸ್ಥ' ಎನ್ನುತ್ತೇವೆ. ಹತ್ತು ಜನರೊಡನೆ ವ್ಯವಹರಿಸಿ, ಕೊಟ್ಟು ತೆಗೆದುಕೊಂಡು, ಮಾತಿಗೆ ನಿಂತು ತೋರಿಸಿದವನಿಗಲ್ಲದೆ, ಮನೆಯ ಒಳಕೋಣೆಯಲ್ಲಿ ಕದವಿಕ್ಕಿಕೊಂಡು ಕುಳಿತವನಿಗೆ ಆ ಹೆಸರು ಸಲ್ಲದು. ಈ ಭಾಷಣವನ್ನು ಬರೆಯುವ ಮೊದಲು ದೇವರ ಪೆಟ್ಟಿಗೆಯಿಂದ ಆ ತೂತಿನ ಕಾಸನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದೆ. ಇಂದು ಅದಕ್ಕೆ ಒಂದು ಕಡಲೆಕಾಳೂ ಬಾರದು. ಆದರೂ ಯಾವ ಸಂತೆಯ ಉಪ್ಪು, ಯಾವ ದೋಣಿಯವನ ಕೂಲಿ, ಯಾವ ಮಗುವಿನ ಪೆಪ್ಪರಮಿಂಟು ಅದರ ಆ ನುಣುಪಿನಲ್ಲಿ ಬೆರೆತಿವೆಯೋ ಎಂದು ಯೋಚಿಸುತ್ತ, ಬಹಳ ಹೊತ್ತು ಅದನ್ನು ಕೆಳಗಿಡಲು ನನಗೆ ಮನಸ್ಸಾಗಲಿಲ್ಲ.